ಎದೆಯ ಗಂಟು: ವೈದ್ಯರೂ ದಾದಿಯರೂ ನಾವೂ ಮರಳಿ ಕಲಿಯಬೇಕಾದ ಪಾಠ



ಈ ಪತ್ರಿಕೆಯಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಬೀಜೋಪಚಾರ, ಗೊಬ್ಬರದ ಗುಂಡಿ, ಬೆಳೆಗೆ ತಗಲುವ ಕೀಟ ಇವುಗಳ ವಿಷಯ. ಈ ಸಲ ಹೆಂಗಸರ ಎದೆಯ ಕ್ಯಾನ್ಸರ್ ಕುರಿತು ಬರೆಯುತ್ತಿದ್ದೇನೆ. ಬೇಸಾಯದ ಡಿಪ್ಲೊಮಾ ಮಾಡಿದವನಿಗೆ ಈ ವಿಷಯವೇಕೆ ಎಂದು ಕೆಲವರಿಗೆ ಅನಿಸಬಹುದು. ಗಂಡಸರು ಬಾಯಿಬಿಟ್ಟು ಆಡುವ ಮಾತಲ್ಲ ಎಂದೂ ಅನಿಸಬಹುದು. ಆಡದೆ ಬಿಟ್ಟಿದ್ದರಿಂದ ನಮ್ಮ ಮನೆಯಲ್ಲಿ ಏನಾಯಿತೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನನಗೆ ಗೊತ್ತಿರುವ ಹೊಲದ ಮಾತಿನಿಂದ ಪ್ರಾರಂಭಿಸುತ್ತೇನೆ.

ಕಲಿತದ್ದು ಹಳೆಯದಾಗುತ್ತದೆ

ನಾನು ಡಿಪ್ಲೊಮಾ ಓದುವಾಗ ಮೆಕ್ಕೆಜೋಳದ ಕೀಟಗಳ ಪಾಠದಲ್ಲಿ ಸೈನಿಕ ಹುಳುವಿನ ಈ ಹೊಸ ಜಾತಿಯ ಹೆಸರೇ ಇರಲಿಲ್ಲ. ಅಮೆರಿಕ ಖಂಡದ ಈ ಹುಳು 2018ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡದ್ದು ನಮ್ಮ ಕರ್ನಾಟಕದ ಶಿವಮೊಗ್ಗದಲ್ಲಿಯೆ. ರೈತರು ಸುಳಿಯೊಳಗೆ ಮರದ ಹೊಟ್ಟಿನಂತಹ ಹಿಕ್ಕೆ ತೋರಿಸಿದಾಗ, ನಾನು ನನ್ನ ಹಳೆಯ ಟಿಪ್ಪಣಿ ತೆರೆದು, ಅದರಲ್ಲಿದ್ದ ಕಾಂಡ ಕೊರೆಯುವ ಹುಳುವಿನ ಔಷಧಿಯನ್ನೇ ಹೇಳಿದೆ. ನನ್ನ ಮಾತು ತಪ್ಪಾಗಿತ್ತು. ಮರುತರಬೇತಿಗೆ ಹೋಗಿ ಬಂದ ಮೇಲೆಯೆ ಸರಿಯಾದುದನ್ನು ತಿಳಿದೆ. ಅಷ್ಟರಲ್ಲಿ ಕೆಲವರ ಹೊಲ ಹಾಳಾಗಿತ್ತು.

ನಾನು ಓದಿದವನಲ್ಲವೆ? ಓದಿದವನೆ. ಆದರೆ ಓದು ಮುಗಿದ ದಿನಕ್ಕೆ ಲೋಕ ನಿಲ್ಲುವುದಿಲ್ಲ. ಬೆಳೆಯ ವೈದ್ಯನಿಗೆ ಈ ಮಾತು ಎಷ್ಟು ನಿಜವೊ ಮನುಷ್ಯರ ವೈದ್ಯನಿಗೆ ಅದಕ್ಕಿಂತ ಹೆಚ್ಚು ನಿಜ. ಬೆಳೆ ಹೋದರೆ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು. ಹೋದ ಜೀವ ಮರಳಿ ಬರುವುದಿಲ್ಲ.

ನಮ್ಮ ಮನೆಯ ಸಂಗತಿ

ನನ್ನ ಅತ್ತಿಗೆಗೆ ಮೂವತ್ನಾಲ್ಕು ವರ್ಷ. ಕಂಕುಳಲ್ಲಿ ಎಂಟು ತಿಂಗಳ ಕೂಸು. ಎಡಗಡೆಯ ಎದೆಯಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತು. ನಮ್ಮ ತಾಯಿ ಅದನ್ನು ಹಾಲುಗಟ್ಟು ಎಂದರು. ಬಿಸಿ ಬಟ್ಟೆಯ ಶಾಖ ಕೊಟ್ಟದ್ದಾಯಿತು. ಹದಿನೈದು ದಿನ ಕಳೆದರೂ ಕರಗಲಿಲ್ಲ. ಹತ್ತಿರದ ಪೇಟೆಯ ಒಬ್ಬ ವೈದ್ಯರಿಗೆ ತೋರಿಸಿದರು. ಅವರು ಒಳ್ಳೆಯವರು, ಬಡವರಿಂದ ಹೆಚ್ಚು ಹಣ ಕೇಳುವವರಲ್ಲ. ಅವರೂ ಹಾಲುಗಟ್ಟೆಂದೇ ಹೇಳಿ ಮಾತ್ರೆ ಕೊಟ್ಟರು. “ಕೂಸು ಹಾಲು ಬಿಡಲಿ, ತಾನಾಗಿ ಹೋಗುತ್ತದೆ” ಎಂದರು.

ನಾನು ಒಮ್ಮೆ ವಿಚಾರಿಸಿದೆ. “ನೋವೇನೂ ಇಲ್ಲ ಕಣಪ್ಪ, ನೋವಿದ್ದರೆ ಹೇಳುತ್ತಿರಲಿಲ್ಲವೆ?” ಎಂದರು ಅತ್ತಿಗೆ. ನಾನೂ ಸುಮ್ಮನಾದೆ. ನೋವಿಲ್ಲದಿರುವುದೇ ಎಚ್ಚರಿಕೆಯ ಗಂಟೆ ಎಂದು ನನಗೆ ಗೊತ್ತಿರಲಿಲ್ಲ. ಹೀಗೆ ಏಳು ತಿಂಗಳು ಕಳೆಯಿತು. ಮನೆಮನೆಗೆ ಬಂದ ದಾದಿಯೊಬ್ಬರು, ಆಗ ತಾನೆ ತರಬೇತಿ ಮುಗಿಸಿ ಬಂದವರು, ಅತ್ತಿಗೆಯನ್ನು ಪರೀಕ್ಷಿಸಿ ಅದೇ ವಾರ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಅಷ್ಟರಲ್ಲಿ ರೋಗ ಕಂಕುಳಿನ ಗ್ರಂಥಿಗಳಿಗೆ ಹರಡಿತ್ತು.

ಅತ್ತಿಗೆ ಇಂದು ನಮ್ಮೊಡನೆ ಇದ್ದಾರೆ. ಚಿಕಿತ್ಸೆ ಮುಗಿದು ಮೂರನೆಯ ವರ್ಷ. ಆದರೆ ಎದೆಯನ್ನು ಪೂರ್ತಿ ತೆಗೆಯಬೇಕಾಯಿತು. ಕೈ ಆಗಾಗ ಬಾವು ಬರುತ್ತದೆ. ಏಳು ತಿಂಗಳ ಮೊದಲೇ ಹೋಗಿದ್ದರೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಎಲ್ಲರ ಮನಸ್ಸಿನಲ್ಲಿಯೂ ಅದು ಇದೆ. ಇದರಲ್ಲಿ ವೈದ್ಯರೊಬ್ಬರದೇ ತಪ್ಪೆಂದು ನಾನು ಹೇಳಲಾರೆ. ನಾವೆಲ್ಲರೂ ತಿಳಿಯದವರಾಗಿದ್ದೆವು. ಆ ದಾದಿಗೆ ಮಾತ್ರ ಹೊಸ ಪಾಠ ಸಿಕ್ಕಿತ್ತು.

ರೋಗದ ಪ್ರಮಾಣ ಮತ್ತು ಲಕ್ಷಣ

2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,92,000 ಹೆಂಗಸರಿಗೆ ಈ ರೋಗ ಹೊಸದಾಗಿ ಕಂಡುಬಂದಿತು. ಸುಮಾರು 98,000 ಮಂದಿ ಇದರಿಂದ ತೀರಿಕೊಂಡರು. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದು. ಗಂಡಸರಿಗೂ ಅಪರೂಪವಾಗಿ ಬರುತ್ತದೆ.

ಗಮನಿಸತಕ್ಕ ಗುರುತುಗಳು ಇವು:

1. ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು. ಹೆಚ್ಚಾಗಿ ನೋವಿರುವುದಿಲ್ಲ.
2. ಚರ್ಮ ಒಳಕ್ಕೆ ಸೆಳೆದು ಗುಳಿ ಬೀಳುವುದು, ಅಥವಾ ಕಿತ್ತಳೆಯ ಸಿಪ್ಪೆಯಂತೆ ದಪ್ಪವಾಗುವುದು.
3. ಮೊದಲು ಸರಿಯಾಗಿದ್ದ ಮೊಲೆತೊಟ್ಟು ಒಳಕ್ಕೆ ಹೋಗುವುದು.
4. ತೊಟ್ಟಿನಿಂದ ರಕ್ತ ಬೆರೆತ ನೀರು ಒಸರುವುದು.
5. ತೊಟ್ಟಿನ ಮೇಲೆ ಮಾಯದ ಕಜ್ಜಿಯಂತಹ ಹುಣ್ಣು.
6. ಒಂದು ಕಡೆಯ ಗಾತ್ರ ಅಥವಾ ಆಕಾರ ಹೊಸದಾಗಿ ಬದಲಾಗುವುದು.

ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆದ್ದರಿಂದ ಹೆದರಿ ಮುಚ್ಚಿಡುವುದು ಬೇಡ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂಬುದನ್ನು ಮನೆಯ ಹಿರಿಯರ ಕೈಯಾಗಲಿ, ವೈದ್ಯರ ಕೈಯೊಂದೇ ಆಗಲಿ ತೀರ್ಮಾನಿಸಲಾಗದು. ಹಾಲೂಡಿಸುವ ತಾಯಿಯ ಗಂಟಾದರೂ, ಔಷಧಿ ಕೊಟ್ಟು ಒಂದೆರಡು ವಾರದಲ್ಲಿ ಕರಗದಿದ್ದರೆ ಮುಂದಿನ ಪರೀಕ್ಷೆಗೆ ಕಳುಹಿಸತಕ್ಕದ್ದು. ನಮ್ಮ ಮನೆಯಲ್ಲಿ ತಪ್ಪಿದ್ದು ಈ ಒಂದು ಹೆಜ್ಜೆ.

ದೊಡ್ಡ ವೈದ್ಯರೂ ಮರಳಿ ಕಲಿತ ಬಗೆ

ವೈದ್ಯರು ಮತ್ತೆ ಕಲಿಯಬೇಕೆಂದರೆ ಅವರ ಗೌರವಕ್ಕೆ ಕುಂದೆಂದು ತಿಳಿಯಬಾರದು. ಈ ರೋಗದ ಚರಿತ್ರೆಯೇ ಅದಕ್ಕೆ ಸಾಕ್ಷಿ.

ಅಮೆರಿಕದ ಬಾಲ್ಟಿಮೋರಿನಲ್ಲಿ ಹಾಲ್‌ಸ್ಟೆಡ್ ಎಂಬ ಹೆಸರಾಂತ ಶಸ್ತ್ರವೈದ್ಯರಿದ್ದರು. ರೋಗವು ಒಂದೆಡೆ ಹುಟ್ಟಿ ಗರಿಕೆಯ ಬೇರಿನಂತೆ ಪಕ್ಕಪಕ್ಕಕ್ಕೆ ಹಬ್ಬುತ್ತದೆ, ಆದ್ದರಿಂದ ಸುತ್ತಲೂ ಅಗಲವಾಗಿ ಅಗೆದು ತೆಗೆಯಬೇಕು ಎಂಬುದು ಅವರ ಅಭಿಪ್ರಾಯ. ಎದೆಯನ್ನೂ ಅದರ ಕೆಳಗಿನ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಶಸ್ತ್ರಕ್ರಿಯೆಯನ್ನು ಅವರು 1894ರಲ್ಲಿ ಪ್ರಕಟಿಸಿದರು. ಮುಂದೆ ಸುಮಾರು ಎಪ್ಪತ್ತೈದು ವರ್ಷಕಾಲ ಲೋಕದ ವೈದ್ಯರು ಅದನ್ನೇ ಅನುಸರಿಸಿದರು. ಬದುಕಿದ ಹೆಂಗಸರಿಗೆ ಎದೆಗೂಡು ಬರಿದಾಗಿ, ಕೈ ಎತ್ತುವುದೇ ಕಷ್ಟವಾಗುತ್ತಿತ್ತು.

1970ರ ದಶಕದಲ್ಲಿ ಇಬ್ಬರು ಇದನ್ನು ಪ್ರಶ್ನಿಸಿದರು. ಇಟಲಿಯ ಮಿಲಾನಿನಲ್ಲಿ ಉಂಬೆರ್ಟೊ ವೆರೊನೇಸಿಯವರು 1973ರಿಂದ 701 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಳೆಯ ಶಸ್ತ್ರಕ್ರಿಯೆ, ಇನ್ನೊಂದಕ್ಕೆ ಗಂಟಿರುವ ಭಾಗವನ್ನಷ್ಟೆ ತೆಗೆದು ಕಿರಣಚಿಕಿತ್ಸೆ. ಅಮೆರಿಕದ ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್ ಅವರು 1976ರಿಂದ ಇಂತಹುದೇ ಪ್ರಯೋಗ ನಡೆಸಿದರು. ಇಬ್ಬರ ಇಪ್ಪತ್ತು ವರ್ಷಗಳ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು. ಸಣ್ಣ ಗಂಟಿನ ಹೆಂಗಸರಲ್ಲಿ ಎದೆಯನ್ನು ಉಳಿಸಿಕೊಂಡವರೂ ಕಳೆದುಕೊಂಡವರೂ ಸಮನಾಗಿಯೇ ಬದುಕಿದ್ದರು. ಫಿಶರ್ ಅವರ ಪ್ರಯೋಗದಲ್ಲಿ, ಗಂಟನ್ನು ಮಾತ್ರ ತೆಗೆಸಿಕೊಂಡು ಕಿರಣಚಿಕಿತ್ಸೆ ಪಡೆಯದವರಲ್ಲಿ 100ಕ್ಕೆ 39 ಮಂದಿಗೆ ಅದೇ ಎದೆಯಲ್ಲಿ ರೋಗ ಮರುಕಳಿಸಿತು. ಕಿರಣಚಿಕಿತ್ಸೆ ಪಡೆದವರಲ್ಲಿ 14 ಮಂದಿಗೆ ಮಾತ್ರ.

ನಾವು ರೈತರು ಇದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲೆವು. ಒಂದೇ ಹೊಲದಲ್ಲಿ ಹಳೆಯ ಪದ್ಧತಿಯ ತಾಕು, ಹೊಸ ಪದ್ಧತಿಯ ತಾಕು ಎಂದು ಪ್ರಾತ್ಯಕ್ಷಿಕೆ ಹಾಕಿ ಇಳುವರಿ ತೂಗಿ ನೋಡುತ್ತೇವಲ್ಲ, ಇದೂ ಹಾಗೆಯೆ. ಹಿರಿಯರು ಹೇಳಿದರೆಂಬ ಕಾರಣಕ್ಕಲ್ಲ, ತೂಗಿ ನೋಡಿದ ಕಾರಣಕ್ಕೆ ಪದ್ಧತಿ ಬದಲಾಯಿತು. ಆದರೆ ಈ ಬದಲಾವಣೆ ತಿಳಿಯದ ವೈದ್ಯನಿದ್ದರೆ, ಉಳಿಸಬಹುದಾದ ಎದೆಯನ್ನು ತೆಗೆಸಿಕೊಳ್ಳಿ ಎಂದೇ ಹೇಳುತ್ತಾನೆ.

ಮುಂಬಯಿಯ ಹೆಂಗಸರು ಕಲಿಸಿದ ಪಾಠ

ಕಲಿಕೆ ದೊಡ್ಡ ವೈದ್ಯರಿಗೆ ಮಾತ್ರವಲ್ಲ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ನಗರದ ಬಡವರ ವಸತಿಗಳಲ್ಲಿ ಒಂದು ಪ್ರಯೋಗ ಪ್ರಾರಂಭಿಸಿದರು. 35ರಿಂದ 64 ವರ್ಷದ 1,51,538 ಹೆಂಗಸರು ಇದರಲ್ಲಿ ಸೇರಿದ್ದರು. ಅರ್ಧ ವಸತಿಗಳಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆಯ ಪರೀಕ್ಷೆ ಮಾಡಿದರು. ಅವರು ವೈದ್ಯರಲ್ಲ. ಯಂತ್ರವೂ ಇರಲಿಲ್ಲ. ಸರಿಯಾಗಿ ಕಲಿತ ಕೈ ಮಾತ್ರ ಇತ್ತು.

ಇಪ್ಪತ್ತು ವರ್ಷದ ಫಲಿತಾಂಶ 2021ರಲ್ಲಿ ಹೊರಬಂದಿತು. ಪರೀಕ್ಷೆ ನಡೆದ ವಸತಿಗಳಲ್ಲಿ ಮುಂದುವರಿದ ಹಂತದಲ್ಲಿ ಪತ್ತೆಯಾದವರು 100ಕ್ಕೆ 37. ಉಳಿದ ಕಡೆ 47. ಎಲ್ಲ ವಯಸ್ಸಿನವರನ್ನೂ ಸೇರಿಸಿದಾಗ ಸಾವಿನಲ್ಲಿ ಕಂಡ ಇಳಿತ ಖಚಿತವೆನ್ನುವಷ್ಟು ದೊಡ್ಡದಿರಲಿಲ್ಲ. ಆದರೆ 50 ವರ್ಷ ಮೀರಿದವರಲ್ಲಿ ಈ ರೋಗದ ಸಾವು ಸುಮಾರು 100ಕ್ಕೆ 30ರಷ್ಟು ಕಡಮೆಯಾಯಿತು.

ಕೈಯಿಂದ ನೋಡುವುದೆಂದರೆ ಅಲ್ಲಲ್ಲಿ ಒತ್ತಿ ಬಿಡುವುದಲ್ಲ. ಮೂರು ನಡುಬೆರಳುಗಳ ಮೆತ್ತನೆಯ ಭಾಗದಿಂದ, ಮೊದಲು ಹಗುರವಾಗಿ, ಆಮೇಲೆ ಮಧ್ಯಮವಾಗಿ, ಕೊನೆಗೆ ಆಳವಾಗಿ ಒತ್ತುತ್ತ, ಕೊರಳಪಟ್ಟಿ ಎಲುಬಿನಿಂದ ಎದೆಯ ಕೆಳಗಿನವರೆಗೆ ಸಾಲು ಸಾಲಾಗಿ ಹೋಗಬೇಕು. ಕಳೆ ತೆಗೆಯುವಾಗ ಒಂದು ಸಾಲು ಬಿಟ್ಟರೂ ಕಳೆ ಉಳಿಯುವಂತೆ, ಇಲ್ಲಿಯೂ ಸಾಲು ಬಿಡಬಾರದು. ಕಂಕುಳನ್ನು ಮರೆಯಬಾರದು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಗಂಟು ಅಡಗಿಸಿದ ಮೆತ್ತನೆಯ ಮಾದರಿಗಳ ಮೇಲೆ ಕೈ ಪಳಗಿಸಿ, ಆಗಾಗ ಮತ್ತೆ ಅಭ್ಯಾಸಮಾಡಬೇಕು.

ಇನ್ನೊಂದು ಪಾಠವನ್ನೂ ಹೇಳಬೇಕು. ಹೆಂಗಸರು ತಿಂಗಳಿಗೊಮ್ಮೆ ತಾವೇ ಪರೀಕ್ಷಿಸಿಕೊಂಡರೆ ಸಾಕೆಂದು ಹಿಂದೆ ಬಹಳ ಪ್ರಚಾರವಿತ್ತು. ಚೀನಾದ ಶಾಂಘಾಯಿಯಲ್ಲಿ ಬಟ್ಟೆ ಗಿರಣಿಗಳ ಸುಮಾರು 2,66,000 ಕೆಲಸಗಾರ್ತಿಯರ ಮೇಲೆ ಇದನ್ನು ತೂಗಿ ನೋಡಿದಾಗ, ಸ್ವಪರೀಕ್ಷೆ ಕಲಿತವರಲ್ಲಿ ಸಾವು ಕಡಮೆಯಾಗಲಿಲ್ಲವೆಂದು 2002ರಲ್ಲಿ ತಿಳಿದುಬಂದಿತು. ಆದ್ದರಿಂದ ನಮ್ಮ ದೇಹದ ಬದಲಾವಣೆ ನಮಗೆ ಗೊತ್ತಿರಬೇಕು, ನಿಜ. ಆದರೆ ಅದು ಕಲಿತ ಕೈಯ ಪರೀಕ್ಷೆಗೆ ಬದಲಿಯಲ್ಲ. ಭಾರತ ಸರಕಾರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇಂತಹ ಪರೀಕ್ಷೆ ಮಾಡತಕ್ಕದ್ದೆಂದಿದೆ.

ಗಂಟು ಸಿಕ್ಕ ಮೇಲೆ ಮೂರು ಪರೀಕ್ಷೆ

ಗಂಟು ಸಿಕ್ಕಾಗ ಮೂರು ಪರೀಕ್ಷೆಗಳೂ ಸೇರಿ ಒಂದು ತೀರ್ಮಾನ ಎಂಬುದು ಇಂದಿನ ಪದ್ಧತಿ. ಮೊದಲನೆಯದು ವೈದ್ಯರು ಕೈಯಿಂದ ನೋಡುವುದು. ಎರಡನೆಯದು ಚಿತ್ರ ತೆಗೆಯುವುದು; ಅಂದರೆ ಮ್ಯಾಮೊಗ್ರಾಂ, ಎಳೆಯ ವಯಸ್ಸಿನವರಿಗೂ ಹಾಲೂಡಿಸುವವರಿಗೂ ಮೊದಲು ಅಲ್ಟ್ರಾಸೌಂಡ್. ಮೂರನೆಯದು ಸೂಜಿಯಿಂದ ಗಂಟಿನ ಚೂರು ತೆಗೆದು ಪ್ರಯೋಗಶಾಲೆಗೆ ಕಳುಹಿಸುವುದು. ಮೂರರಲ್ಲಿ ಯಾವುದಾದರೊಂದು ಸಂಶಯ ತೋರಿಸಿದರೂ ಸುಮ್ಮನಿರಬಾರದು.

ಸೂಜಿ ಚುಚ್ಚಿದರೆ ರೋಗ ಮೈತುಂಬ ಹರಡುತ್ತದೆ ಎಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿದೆ. ಅದು ನಿಜವಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಪರೀಕ್ಷೆಯಿಲ್ಲದೆ ಸಣ್ಣ ಆಸ್ಪತ್ರೆಯಲ್ಲಿ ಗಂಟನ್ನು ಕೊಯ್ಯಿಸಿ ಎಸೆದುಬಿಡುವುದು. ಹಾಗೆ ಮಾಡಿದರೆ ರೋಗದ ಜಾತಿ ತಿಳಿಯದು, ಎಷ್ಟು ಉಳಿದಿದೆಯೆಂದೂ ತಿಳಿಯದು, ಮತ್ತೊಮ್ಮೆ ಶಸ್ತ್ರಕ್ರಿಯೆ ಆಗಬೇಕಾಗುತ್ತದೆ.

ಚಿಕಿತ್ಸೆ ಎಲ್ಲರಿಗೂ ಒಂದೇ ಅಲ್ಲ

ಎಲ್ಲ ಹುಳುವಿಗೂ ಒಂದೇ ಔಷಧಿ ಹೊಡೆಯುವುದು ಹೇಗೆ ತಪ್ಪೊ, ಎಲ್ಲ ಎದೆಯ ಕ್ಯಾನ್ಸರಿಗೂ ಒಂದೇ ಚಿಕಿತ್ಸೆ ತಪ್ಪು. ಸೂಜಿಯಲ್ಲಿ ತೆಗೆದ ಚೂರಿನಿಂದಲೇ ಜಾತಿಯನ್ನು ತಿಳಿಯುತ್ತಾರೆ.

ಹೆಣ್ಣಿನ ದೇಹದ ಹಾರ್ಮೋನನ್ನು ಹೀರಿ ಬೆಳೆಯುವ ಜಾತಿಯಾದರೆ ಟಾಮಾಕ್ಸಿಫೆನ್ ಎಂಬ ಮಾತ್ರೆಯಿದೆ. ಬೆಲೆ ಬಹಳ ಕಡಮೆ. ಆದರೆ ದಿನಕ್ಕೊಂದರಂತೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ ನುಂಗಬೇಕು. ಮೈ ಚೆನ್ನಾಗಿದೆ ಎಂದು ನಡುವೆ ಬಿಡಬಾರದು. ಹರ್-2 ಎಂಬ ಜಾತಿಯಾದರೆ ಟ್ರಾಸ್ಟುಜುಮಾಬ್ ಎಂಬ ಸೂಜಿಮದ್ದಿದೆ. ಮೊದಲು ಅದರ ಬೆಲೆ ಬಡವರ ಕೈಗೆ ಎಟುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ ಕಂಪೆನಿ ತಯಾರಿಸಿದ ಅದರ ಸಮಾನ ಔಷಧಿಗೆ 2013ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ಇವೆರಡಕ್ಕೂ ಸೇರದ ಜಾತಿಗೆ ಮುಖ್ಯವಾಗಿ ಕೀಮೊಥೆರಪಿಯೇ ಆಧಾರ.

ಆದ್ದರಿಂದ ಶಸ್ತ್ರವೈದ್ಯರು, ಔಷಧಿಯ ವೈದ್ಯರು, ಕಿರಣಚಿಕಿತ್ಸೆಯ ವೈದ್ಯರು, ಪ್ರಯೋಗಶಾಲೆಯ ವೈದ್ಯರು ಒಟ್ಟಿಗೆ ಕುಳಿತು ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸತಕ್ಕದ್ದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ಈ ಎಲ್ಲ ವಿಭಾಗಗಳೂ ಒಂದೆಡೆ ಸಿಗುತ್ತವೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಒಂದುಗೂಡಿಸಲು 2012ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಜಾಲವೂ ಪ್ರಾರಂಭವಾಯಿತು.

ಚಿಕಿತ್ಸೆ ಮುಗಿದ ಮೇಲೆ

ಕಂಕುಳಿನ ಗ್ರಂಥಿ ತೆಗೆದವರಿಗೆ ಆ ಬದಿಯ ಕೈ ಬಾವು ಬರುವ ಸಂಭವವಿದೆ. ಅಂತಹವರು ಜನ್ಮದಲ್ಲಿ ಭಾರ ಎತ್ತಲೇಬಾರದೆಂದು ಹಿಂದೆ ಹೇಳುತ್ತಿದ್ದರು. ಕೊಡ ಹೊರುವ, ಹುಲ್ಲಿನ ಹೊರೆ ಎತ್ತುವ ಹೆಂಗಸಿಗೆ ಇದು ಮನೆಯಲ್ಲಿ ಮೂಲೆಗೆ ಕೂತಂತೆಯೆ. ಅಮೆರಿಕದಲ್ಲಿ ಬಾವು ಇದ್ದ 141 ಹೆಂಗಸರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸರಿಯಾದ ಮಾರ್ಗದರ್ಶನದಲ್ಲಿ ಸ್ವಲ್ಪ ಸ್ವಲ್ಪವಾಗಿ ಭಾರ ಹೆಚ್ಚಿಸಿದರೆ ಬಾವು ಹೆಚ್ಚುವುದಿಲ್ಲವೆಂದು ಕಂಡುಬಂದಿತು. ಇದನ್ನು ಬಲ್ಲ ವೈದ್ಯರೊಬ್ಬರು ಅತ್ತಿಗೆಗೆ ವ್ಯಾಯಾಮ ಕಲಿಸಿಕೊಟ್ಟರು. ಮೊದಲು ಸಣ್ಣ ಚೊಂಬು, ಆಮೇಲೆ ಅರ್ಧ ಬಿಂದಿಗೆ. ಈಗ ಹಸುವಿಗೆ ಹುಲ್ಲು ತಾವೇ ಹಾಕುತ್ತಾರೆ. ಆ ಕೈಗೆ ಗಾಯ, ಸುಟ್ಟ ಬೊಬ್ಬೆ ಆಗದಂತೆ ಜೋಪಾನ ಬೇಕು. ಕೆಂಪಾಗಿ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವೈದ್ಯರ ಮರುಕಲಿಕೆಗೆ ದಾರಿ

ವೈದ್ಯರು ಐದು ವರ್ಷಕ್ಕೆ ಕಡೆಯ ಪಕ್ಷ 30 ಗಂಟೆಯಾದರೂ ಮುಂದುವರಿದ ವೈದ್ಯಕೀಯ ಶಿಕ್ಷಣ ಪಡೆಯಬೇಕೆಂದು 2002ರ ವೈದ್ಯಕೀಯ ನೀತಿ ನಿಯಮಗಳು ಹೇಳುತ್ತವೆ. ಗಂಟೆ ಎಣಿಸಿದರೆ ಸಾಲದು. ಸಭೆಯಲ್ಲಿ ಕುಳಿತು ಬಂದ ವೈದ್ಯರು ಮಾರನೆಯ ದಿನ ಗಂಟಿನ ರೋಗಿಗೆ ಬೇರೆ ರೀತಿ ನಡೆದುಕೊಂಡರೆ ಅದು ಕಲಿಕೆ.

ಒಂದು ನಿದರ್ಶನ. ಶಸ್ತ್ರಕ್ರಿಯೆಗೆ ಏಳರಿಂದ ಹತ್ತು ನಿಮಿಷ ಮೊದಲು ಗಂಟಿನ ಸುತ್ತ ಲಿಗ್ನೊಕೇಯ್ನ್ ಎಂಬ ಸಾಮಾನ್ಯ ಅರಿವಳಿಕೆ ಔಷಧಿ ಚುಚ್ಚುವುದರ ಕುರಿತು ಟಾಟಾ ಸ್ಮಾರಕ ಆಸ್ಪತ್ರೆಯ ನೇತೃತ್ವದಲ್ಲಿ ಭಾರತದ 11 ಕೇಂದ್ರಗಳಲ್ಲಿ ಅಧ್ಯಯನ ನಡೆಯಿತು. 2023ರಲ್ಲಿ ಅದು ಪ್ರಕಟವಾಯಿತು. ಐದು ವರ್ಷದ ನಂತರ ಬದುಕಿದ್ದವರು ಚುಚ್ಚದ ಗುಂಪಿನಲ್ಲಿ 100ಕ್ಕೆ ಸುಮಾರು 86, ಚುಚ್ಚಿದ ಗುಂಪಿನಲ್ಲಿ 90. ಹಲ್ಲು ಕೀಳುವಾಗ ಬಳಸುವ ಅಗ್ಗದ ಔಷಧಿ ಇದು. ಇಂತಹ ಸುದ್ದಿ ತಾಲ್ಲೂಕು ಆಸ್ಪತ್ರೆಯ ಶಸ್ತ್ರವೈದ್ಯರವರೆಗೂ ತಲುಪಿ, ಅವರು ಓದಿ ವಿಮರ್ಶಿಸುವಂತಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮೂರು ಗುರಿಗಳನ್ನು ಇಟ್ಟಿತು: 100ಕ್ಕೆ 60ಕ್ಕಿಂತ ಹೆಚ್ಚು ರೋಗಿಗಳು ಮೊದಲ ಎರಡು ಹಂತಗಳಲ್ಲಿ ಪತ್ತೆಯಾಗಬೇಕು, ರೋಗಿ ಬಂದ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕು, 100ಕ್ಕೆ 80 ಮಂದಿಯಾದರೂ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು. ನಮ್ಮ ಮನೆಯಲ್ಲಿ ಆ 60 ದಿನ ಇನ್ನೂರು ದಿನ ದಾಟಿತ್ತು.

ನಾವು ಮಾಡತಕ್ಕದ್ದು

1. ಮೂವತ್ತು ದಾಟಿದ ಹೆಂಗಸರು ಉಪಕೇಂದ್ರದಲ್ಲಿ ಎದೆಯ ಪರೀಕ್ಷೆ ಮಾಡಿಸಿಕೊಳ್ಳಿ. ದಾದಿ ಕೇಳಲಿಲ್ಲವಾದರೆ ನೀವೇ ಕೇಳಿ.
2. ಎರಡು ವಾರದಲ್ಲಿ ಹೋಗದ ಗಂಟಿಗೆ, “ಅಲ್ಟ್ರಾಸೌಂಡ್ ಮಾಡಿಸಬೇಕೆ, ಸೂಜಿಪರೀಕ್ಷೆ ಬೇಕೆ?” ಎಂದು ವೈದ್ಯರನ್ನು ವಿನಯದಿಂದ ಕೇಳಿ. ಕೇಳುವುದು ಅವಮರ್ಯಾದೆಯಲ್ಲ.
3. ಪರೀಕ್ಷೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಜೋಪಾನವಾಗಿಡಿ.
4. ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೊಲ ಅಡವಿಡುವ ಮೊದಲು ಪಡಿತರ ಚೀಟಿ, ಆಧಾರ್ ಹಿಡಿದು ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.
5. ಗಂಡಸರೆ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಸುಗ್ಗಿ ಮುಗಿಯಲಿ ಎನ್ನಬೇಡಿ.
6. ಗ್ರಾಮ ಸಭೆಯಲ್ಲಿ ಈ ಪ್ರಶ್ನೆ ಎತ್ತಿ: ನಮ್ಮ ದಾದಿಗೂ ಆಶಾ ಕಾರ್ಯಕರ್ತೆಗೂ ಈ ವರ್ಷ ಮರುತರಬೇತಿ ಆಯಿತೆ? ಆ ದಿನಗಳಲ್ಲಿ ಅವರು ಊರಲ್ಲಿಲ್ಲವೆಂದು ಗೊಣಗಬೇಡಿ. ಅವರು ಕಲಿಯಲು ಹೋಗಿರುವುದು ನಮಗಾಗಿ.

ಮಹಿಳಾ ಮಂಡಳಿಯಲ್ಲಿ ಚರ್ಚೆಗೆ

1. ನೋವಿಲ್ಲದ ಗಂಟನ್ನು ನಾವು ಏಕೆ ಅಲಕ್ಷಿಸುತ್ತೇವೆ?
2. ಮೂರು ಪರೀಕ್ಷೆಗಳು ಯಾವುವು? ಅವು ನಮ್ಮ ಊರಿಗೆ ಹತ್ತಿರದಲ್ಲಿ ಎಲ್ಲಿ ದೊರೆಯುತ್ತವೆ?
3. ಚಿಕಿತ್ಸೆಗೆ ಹೋದ ತಾಯಿಯ ಮನೆಯ ಹಸು, ಕೂಸು, ಅಡಿಗೆ ನೋಡಿಕೊಳ್ಳಲು ನಮ್ಮ ಬೀದಿಯವರು ಏನು ಏರ್ಪಾಡು ಮಾಡಬಹುದು?

ಮೂರನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡ ಮಂಡಳಿಯವರು ದಯವಿಟ್ಟು ನನಗೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಉಳಿದ ಹಳ್ಳಿಗಳಿಗೆ ಅದನ್ನು ಹೇಳೋಣ.